ಗುರುಗಳಿಗೆ ತೋರಿಸದ ಬೆನ್ನು

ಒಪ್ಪಂದ ಇಷ್ಟೆ. ಕೊಟ್ರಪ್ಪ ತನ್ನ ಗುರುಗಳನ್ನು ಮುಗಿಲುಕಲ್ಲು ಬೆಟ್ಟ ಹತ್ತಿಸಿ, ಇಳಿಸಿ, ಮತ್ತೆ ಆಶ್ರಮದ ಬಾಗಿಲಿಗೆ ತಂದು ಮುಟ್ಟಿಸಬೇಕು. ಆಮೇಲೂ ಅವನು ‘ಆಗಲ್ಲ’ ಅಂದರೆ, ಆಶ್ರಮದ ಹೊಣೆ ಹೊತ್ತುಕೋ ಎಂಬ ಮಾತನ್ನು ಗುರುಗಳು ಇನ್ನು ಎತ್ತುವುದಿಲ್ಲ.

ಗುರು ಮರುಳಯ್ಯನವರಿಗೆ ಎಪ್ಪತ್ತಾರು ವರ್ಷ. ನದಿ ದಡದ ಆ ಆಶ್ರಮದಲ್ಲಿ ಉಣ್ಣುವ ಬಾಯಿ ನಲವತ್ತು, ಹಸು ಹನ್ನೊಂದು. ನಿಮ್ಮ ನಂತರ ಯಾರು ಎಂದು ಕೇಳಿದವರ ಎದುರಿಗೆ ಅವರು ಕೊಟ್ರಪ್ಪನ ಕಡೆ ನೋಡುತ್ತಿದ್ದರು. ಕೊಟ್ರಪ್ಪ ನೆಲ ನೋಡುತ್ತಿದ್ದ.

ಅವನು ಎಣ್ಣೆ ಗಿರಣಿ ನಡೆಸಿದವನು. ಹೆಂಡತಿ ತೀರಿಕೊಂಡ ಮೇಲೆ ಗಿರಣಿ ಮಾರಿ ಇಲ್ಲಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಗುರುಗಳ ಹಿಂದೆ ನಡೆಯುವುದರಲ್ಲಿ ಸಿಕ್ಕ ನೆಮ್ಮದಿ ಅವನಿಗೆ ಗಿರಣಿ ಚೆನ್ನಾಗಿ ಓಡಿದ ವರ್ಷಗಳಲ್ಲೂ ಸಿಕ್ಕಿರಲಿಲ್ಲ. ಅದನ್ನು ಬಿಟ್ಟುಕೊಡುವ ಮನಸ್ಸು ಅವನಿಗಿರಲಿಲ್ಲ.

“ನಾನು ಹಿಂದೆ ನಡೆಯೋನು ಬುದ್ಧಿ. ಮುಂದೆ ನಿಲ್ಲಿಸಬೇಡಿ,” ಅನ್ನುತ್ತಿದ್ದ.

ನಾಲ್ಕು ದಿನದ ನಡಿಗೆಗೆ ಜೀವಮಾನದ ಬಿಡುಗಡೆ. ಇಂಥ ವ್ಯವಹಾರ ದಿನಾ ಬರುವುದಿಲ್ಲ. ಕೊಟ್ರಪ್ಪ ಚೌಕಾಸಿ ಮಾಡದೆ ಒಪ್ಪಿಕೊಂಡ.

ಬೆಟ್ಟ ಸಾಮಾನ್ಯದ್ದಲ್ಲ. ಬುಡದಲ್ಲಿ ಬೆವರಿಗೆ ಅಂಗಿ ಮೈಗೆ ಅಂಟಿದರೆ, ತುದಿಯಲ್ಲಿ ಬೆಳಗಿನ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಕಾಲಡಿಯಲ್ಲಿ ಪಟಪಟ ಮುರಿಯುತ್ತದೆ. ನಡುವೆ ಬಿಸಿಲು ಕಾಣದ ಕಾಡು. ಮಳೆ ನಿಂತ ಮೇಲಿನ ಹದಿನೈದು ದಿನ ಬಿಟ್ಟರೆ ಅಲ್ಲಿ ದಾರಿಯೇ ಉಳಿದಿರುವುದಿಲ್ಲ. ಆ ಹದಿನೈದು ದಿನಕ್ಕೆ ಇನ್ನೂ ಎರಡು ತಿಂಗಳಿತ್ತು.

ನದಿಯಿಂದ ಆಶ್ರಮಕ್ಕೆ ಎಪ್ಪತ್ತು ಮೆಟ್ಟಿಲು. ಬೆಳಿಗ್ಗೆ ಸಂಜೆ ಅವನ್ನೇ ಹತ್ತಿ ಇಳಿದು ಗುರುಗಳ ಮಂಡಿಯನ್ನು ಹದಕ್ಕೆ ತರಬೇಕು ಎಂದು ಕೊಟ್ರಪ್ಪ ನಿರ್ಧರಿಸಿದ. ಮೊದಲ ದಿನ ಒಂದು ಸಲಕ್ಕೇ ಅವರು ಏದುಸಿರು ಬಿಟ್ಟು ಕುಳಿತರು. ಎರಡನೆಯ ತಿಂಗಳ ಕೊನೆಗೆ ಒಂಬತ್ತು ಸಲ ಹತ್ತಿ, ಮಜ್ಜಿಗೆ ಕೇಳಿದರು.

ಹತ್ತುವಾಗ ಕೊಟ್ರಪ್ಪ ಹಿಂದೆ. ಇಳಿಯುವಾಗಲೂ ಹಿಂದೆ. ಗುರುಗಳ ಕೋಣೆಯಿಂದ ಹೊರಡಬೇಕಾದರೆ ಅವರ ಕಡೆಗೇ ಮುಖ ಮಾಡಿ, ಹೊಸ್ತಿಲವರೆಗೂ ಹಿಂದುಹಿಂದಕ್ಕೆ ಹೆಜ್ಜೆ ಇಡುವವನು ಅವನು. ಹನ್ನೆರಡು ವರ್ಷದಲ್ಲಿ ಮರುಳಯ್ಯನವರು ಅವನ ಬೆನ್ನು ಕಂಡಿರಲಿಲ್ಲ.

“ಇಳಿಯುವಾಗ ನೀನು ಹಿಂದಿದ್ದು ನನಗೇನು ಉಪಯೋಗ?” ಎಂದು ಗುರುಗಳು ಒಮ್ಮೆ ಮೆಟ್ಟಿಲ ಮೇಲೆ ನಿಂತು ಕೇಳಿದರು.

ತಮಾಷೆಗೆ ಹೇಳುತ್ತಿದ್ದಾರೆಂದು ಕೊಟ್ರಪ್ಪ ನಕ್ಕು ಕೈ ಮುಗಿದ.

ಹೊರಡುವ ಹಿಂದಿನ ದಿನ ಗುರುಗಳು ಅವನ ಚೀಲ ಬಿಚ್ಚಿಸಿದರು. ಮಂಡಿಗೆ ಎಣ್ಣೆ, ಜ್ವರದ ಮಾತ್ರೆ, ಜಿಗಣೆಗೆ ಉಪ್ಪು, ಉಣ್ಣೆಯ ಟೋಪಿ, ಕಾಲುಚೀಲ, ಶೇಂಗಾ ಬೆಲ್ಲ, ಕೊಡೆ, ದಪ್ಪ ಕಂಬಳಿ. ಕೇಳಿದ್ದಕ್ಕೆಲ್ಲ ಕೊಟ್ರಪ್ಪನ ಹತ್ತಿರ ಉತ್ತರವಿತ್ತು: ನಿಮಗೆ ಚಳಿಯಾದರೆ, ನಿಮಗೆ ಕಾಲು ಉಳುಕಿದರೆ, ನಿಮಗೆ ಹಸಿವಾದರೆ.

“ನಿನಗೆ ಚಳಿಯಾದರೆ?”

“ನನ್ನದೇನು ಬುದ್ಧಿ, ಹೇಗೋ ಆಗುತ್ತೆ.”

ಗುರುಗಳು ಎದ್ದು ಹೋಗಿ ತಮ್ಮ ಮಂಚದ ಮೇಲಿನ ಇನ್ನೊಂದು ಕಂಬಳಿ ತಂದು ಚೀಲಕ್ಕೆ ತುರುಕಿದರು. ಚೀಲದ ಬಾಯಿ ಕಟ್ಟಲು ಆಗಲಿಲ್ಲ. ಕೊಡೆ ತೆಗೆದು ಆಚೆ ಇಟ್ಟರು.

ಮೊದಲ ದಿನ ಬಸ್ಸಿಳಿದು ಬೆಟ್ಟದ ಬುಡದ ಹಾಡಿಗೆ, ಕಾಡಿನವರ ಪುಟ್ಟ ಕೇರಿಗೆ, ಬಂದರು. ಅಲ್ಲಿಯ ಕೊನೆಯ ಮನೆ ಜಡೆಯಮ್ಮನದು. ಜೇನು ಬಿಡಿಸಿ ಬದುಕುವ ಗಟ್ಟಿ ಮುದುಕಿ. ರಾಗಿ ಮುದ್ದೆ ಇಕ್ಕಿದಳು, ದಾರಿ ಹೇಳಿದಳು, ಮಲಗಲು ಜಗಲಿ ಕೊಟ್ಟಳು. ಗುರುಗಳಿಗೆ ನೀರಿಟ್ಟು ಕೊಟ್ರಪ್ಪ ಹಿಂದುಹಿಂದಕ್ಕೆ ಸರಿಯುತ್ತಾ ಬಂದು ಅವಳ ಒಲೆಯ ಕಲ್ಲಿಗೆ ಎಡವಿದ್ದನ್ನೂ ಕಂಡಳು.

“ಈಯಪ್ಪನಿಗೆ ಕಣ್ಣೇನು ಬೆನ್ನಲ್ಲೈತಾ ಸ್ವಾಮಿ?” ಎಂದು ಗುರುಗಳನ್ನೇ ಕೇಳಿದಳು.

“ಅದನ್ನೇ ನೋಡೋಣ ಅಂತ ಹೊರಟಿದೀನಮ್ಮ,” ಎಂದರು ಗುರುಗಳು.

ಎರಡನೆಯ ದಿನವೆಲ್ಲ ಕಾಡು. ಮರದ ಮೈಯೆಲ್ಲ ಪಾಚಿ, ಎಲೆಯಿಂದ ಎಲೆಗೆ ತೊಟ್ಟಿಕ್ಕುವ ನೀರು. ಗುರುಗಳು ಇಪ್ಪತ್ತು ಹೆಜ್ಜೆ ಹಾಕಿ ನಿಲ್ಲುವರು, ಉಸಿರು ತಂದುಕೊಂಡು ಮತ್ತೆ ಇಪ್ಪತ್ತು. ಕೊಟ್ರಪ್ಪ ಹಿಂದಿನಿಂದ ಅವರ ಹಿಮ್ಮಡಿಯನ್ನೇ ನೋಡುತ್ತಾ, ಅಂಟಿದ ಜಿಗಣೆಗಳನ್ನು ಉಪ್ಪು ಹಾಕಿ ಬಿಡಿಸುತ್ತಾ ನಡೆದ. ತನ್ನ ಕಾಲಿಗೆ ಹತ್ತಿದ ಏಳು ಅವನಿಗೆ ಗೊತ್ತಾದದ್ದು ಬಂಡೆಯ ಮರೆಯಲ್ಲಿ ಬಿಡಾರ ಹೂಡಿದ ಮೇಲೆ.

ಮೂರನೆಯ ದಿನ ಕಾಡು ಮುಗಿದು ಹುಲ್ಲು, ಹುಲ್ಲು ಮುಗಿದು ಕಲ್ಲು. ನಡು ಹಗಲಿಗೆ ತುದಿ ಮುಟ್ಟಿದರು.

ತುದಿಯಲ್ಲಿ ಏನೂ ಕಾಣಲಿಲ್ಲ. ನಾಲ್ಕೂ ಕಡೆ ಮಂಜು. ಚಾಚಿದ ಕೈಯೇ ಮಸುಕು. ಗುರುಗಳು ಒಂದು ಕಲ್ಲಿನ ಮೇಲೆ ಕುಳಿತು ಶೇಂಗಾ ಬೆಲ್ಲ ತಿಂದರು. ಕೊಟ್ರಪ್ಪನಿಗೆ ಅಳು ಬರುವ ಹಾಗಾಯಿತು. ಈ ವಯಸ್ಸಿನಲ್ಲಿ ಅವರನ್ನು ಇಷ್ಟು ಎತ್ತರ ತಂದದ್ದು ಬರೀ ಬೆಳ್ಳಗಿರುವುದನ್ನು ತೋರಿಸಲಿಕ್ಕಾ?

ಸ್ವಲ್ಪ ಹೊತ್ತು ಕಾಯೋಣವೇ ಎಂದು ಕೇಳಿದ. ಗುರುಗಳು ಬೆಲ್ಲದ ಕೈ ಒರೆಸಿಕೊಂಡು ಎದ್ದರು.

“ಹತ್ತಿದ್ದಾಯಿತು. ಇಳಿಸು.”

ತುದಿಯ ಕೆಳಗೆ ಒಂದು ಇಳಿಜಾರು. ಹತ್ತುವಾಗ ಅಷ್ಟೇನೂ ಅನ್ನಿಸಿರಲಿಲ್ಲ. ಈಗ ಮೇಲಿನಿಂದ ನೋಡಿದರೆ ಒದ್ದೆ ಹುಲ್ಲು, ಜಾರುವ ಜಲ್ಲಿ, ಅದರಾಚೆ ಬರೀ ಮಂಜು. ಕೊಟ್ರಪ್ಪ ಅಭ್ಯಾಸದಂತೆ ಪಕ್ಕಕ್ಕೆ ಸರಿದು, ಗುರುಗಳು ಮುಂದೆ ಹೋಗಲೆಂದು ನಿಂತ.

ಗುರುಗಳು ಹೋಗಲಿಲ್ಲ. ಮುಂದೆ ನಡೆ ಎಂದು ಅವನಿಗೇ ಹೇಳಿದರು. ಅವನು ತಡವರಿಸಿದ. ಮುಂದೆ ನಡೆದರೆ ಅವರಿಗೆ ಬೆನ್ನು ತೋರಿಸಿದಂತಾಗುತ್ತದೆ. ನಡೆಯದಿದ್ದರೆ ಮಾತು ಮೀರಿದಂತಾಗುತ್ತದೆ. ಕೊನೆಗೆ ಎರಡಕ್ಕೂ ಒಂದು ದಾರಿ ಹುಡುಕಿದ. ಗುರುಗಳ ಕಡೆ ಮುಖ ಮಾಡಿಕೊಂಡೇ, ಕೋಣೆಯಿಂದ ಹೊರಡುವ ಹಾಗೆ, ಹಿಂದುಹಿಂದಕ್ಕೆ ಇಳಿಯತೊಡಗಿದ.

ಗುರುಗಳು ಊರುಗೋಲು ಊರುತ್ತಾ ಅವನನ್ನು ಹಿಂಬಾಲಿಸಿದರು. ಅವನ ಹದಿನಾಲ್ಕು ಹೆಜ್ಜೆ ಸರಿಯಾಗಿ ಬಿದ್ದವು. ಹದಿನೈದನೆಯದು ಬಿದ್ದದ್ದು ಒಂದು ಕುಣಿಯೊಳಗೆ.

ಉರುಳಿದ. ಹಿಡಿಯಲು ಬಾಗಿದ ಗುರುಗಳ ಕೈಯಿಂದ ಊರುಗೋಲು ಜಾರಿ, ಅವನನ್ನೂ ದಾಟಿ, ಮಂಜಿನೊಳಗೆ ಟಣಟಣ ಸದ್ದು ಮಾಡುತ್ತಾ ಇಳಿದು ಹೋಯಿತು. ಕೊಟ್ರಪ್ಪನನ್ನು ಒಂದು ಪೊದೆ ತಡೆಯಿತು. ಅಂಗೈ ಸುಲಿದು ರಕ್ತ ಬಂದಿತ್ತು. ಮೂಳೆಗಳು ನೆಟ್ಟಗಿದ್ದವು.

ತಲೆಯೆತ್ತಿ ನೋಡಿದ. ಗುರುಗಳು ಇಳಿಜಾರಿನ ನಡುವೆ ಒಬ್ಬರೇ ನಿಂತಿದ್ದರು. ಅವನ ಕಡೆ ಒಂದು ಕಾಲು ಚಾಚುವರು, ಹಿಂದಕ್ಕೆ ಎಳೆದುಕೊಳ್ಳುವರು. ಮರುಳಯ್ಯನವರ ಮುಖದಲ್ಲಿ ಹೆದರಿಕೆ ಇರಬಹುದೆಂದು ಹನ್ನೆರಡು ವರ್ಷದಲ್ಲಿ ಅವನು ಎಣಿಸಿಯೇ ಇರಲಿಲ್ಲ.

ಕೈಕಾಲು ಊರಿ ಹತ್ತಿ ಅವರ ಬಳಿಗೆ ಬಂದ.

“ಪೆಟ್ಟಾಯ್ತೇನೋ?” ಎಂದರು. ದನಿ ಒಡೆದಿತ್ತು.

“ಇಲ್ಲ ಬುದ್ಧಿ. ತಪ್ಪಾಯಿತು. ಕೈ ಕೊಡಿ, ಎದುರಿಗೆ ನಿಂತು ಹಿಡಿದುಕೊಂಡು ಇಳಿಸ್ತೀನಿ.”

“ನಿನ್ನ ಕಣ್ಣು ನನ್ನ ಮೇಲಿದ್ದರೆ ದಾರಿ ಯಾರು ನೋಡೋದು?”

ಕೊಟ್ರಪ್ಪ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡ.

“ತಿರುಗು,” ಎಂದರು ಗುರುಗಳು. “ನನಗೆ ಈಗ ಬೇಕಾಗಿರೋದು ನಿನ್ನ ನಮಸ್ಕಾರ ಅಲ್ಲ ಕಣಪ್ಪ. ನಿನ್ನ ಹೆಗಲು.”

ತಿರುಗಿದ. ಬೆನ್ನ ಹಿಂದೆ ಗುರುಗಳಿದ್ದಾರೆ ಎಂಬುದಕ್ಕೆ ಮೈ ಒಂದು ಸಲ ಜುಮ್ಮೆಂದಿತು. ಆಮೇಲೆ ಬಲ ಹೆಗಲ ಮೇಲೆ ಒಂದು ಕೈ ಬಂದು ಕೂತಿತು. ಇಷ್ಟು ಹಗುರದ ಕೈಯೇ ಇವರದು ಎಂದು ಅವನಿಗೆ ಆಶ್ಚರ್ಯವಾಯಿತು.

ಇಳಿದರು. ಈಗ ಗುರುಗಳ ಮುಖ ಕಾಣುತ್ತಿರಲಿಲ್ಲ. ಕೈ ಬಿಗಿಯಾದರೆ ನಿಂತ, ಸಡಿಲವಾದರೆ ನಡೆದ. ಕಣ್ಣಿಗೆ ಬಿದ್ದದ್ದನ್ನು ಬಾಯಿಬಿಟ್ಟು ಹೇಳುತ್ತಾ ಹೋದ: ಇಲ್ಲಿ ಕಲ್ಲು ಅಲ್ಲಾಡುತ್ತೆ, ಎಡಕ್ಕೆ ಬನ್ನಿ, ಇಲ್ಲಿ ಬೇರು ಇದೆ, ಇಲ್ಲಿ ಕೂತು ಜಾರಬೇಕು. ಎರಡು ಕಡೆ ದಾರಿ ತಪ್ಪಿದ. ತಪ್ಪಿದೆ ಎಂದು ಒಪ್ಪಿಕೊಂಡು ಹಿಂದಕ್ಕೆ ಬಂದ. ಹೆಗಲ ಮೇಲಿನ ಕೈ ಒಂದು ಮಾತೂ ಆಡದೆ ಅವನ ಜೊತೆ ತಿರುಗಿತು.

ಮರುದಿನ ಹಾಡಿಗೆ ಬಂದಾಗ ಜಡೆಯಮ್ಮ ಇಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದಳು. ಈಗ ಸರಿಯಾಗಿ ನಡೆಯುತ್ತಿದ್ದಾನೆ ಎಂದು ಗುರುಗಳಿಗೆ ಹೇಳಿ, ಅವನ ಅಂಗೈಗೆ ಜೇನು ಸವರಿ ಬಟ್ಟೆ ಕಟ್ಟಿದಳು.

ಸಂಜೆ ಆಶ್ರಮ ತಲುಪಿದರು. ಗುರುಗಳನ್ನು ಬಾಗಿಲ ಬಳಿಯ ಕಟ್ಟೆಯ ಮೇಲೆ ಕೂರಿಸಿ, ಬಿಸಿನೀರಲ್ಲಿ ಅವರ ಕಾಲು ತೊಳೆದು, ಕೊಟ್ರಪ್ಪ ಎದುರಿಗೆ ನೆಲದ ಮೇಲೆ ಕುಳಿತ. ಅವನ ಪಾಲಿನ ಕರಾರು ಪೂರೈಸಿತ್ತು. ಈಗ ಒಂದು ಮಾತು ಅಂದರೆ ಬಿಡುಗಡೆ.

“ಹೇಳು,” ಎಂದರು ಗುರುಗಳು.

ಅವನು ಬಟ್ಟೆ ಕಟ್ಟಿದ ಅಂಗೈ ನೋಡಿಕೊಂಡ.

“ನನಗೆ ದಾರಿ ಗೊತ್ತಿರಲಿಲ್ಲ ಬುದ್ಧಿ. ಒಂದು ಹೆಜ್ಜೆ ಮುಂದಿಂದು ಕಾಣ್ತಿತ್ತು, ಅಷ್ಟೇ ಹೇಳ್ತಿದ್ದೆ.”

“ನಾನೂ ಇಷ್ಟು ವರ್ಷ ಅಷ್ಟೇ ಮಾಡಿದ್ದು.”

ಒಳಗೆ ಹಸುವೊಂದು ಕರೆಯಿತು. ಹಾಲು ಕರೆಯುವ ಹೊತ್ತು.

“ಹೆಗಲ ಮೇಲೆ ನಿಮ್ಮ ಕೈ ಇರೋ ತನಕ ಆಗುತ್ತೆ,” ಎಂದ ಕೊಟ್ರಪ್ಪ.

“ಕೈ ಒಂದು ದಿನ ತೆಗೀಬೇಕಲ್ಲಪ್ಪ.”

ಕೊಟ್ರಪ್ಪ ಕಾಲು ತೊಳೆದ ನೀರಿನ ಪಾತ್ರೆ ಪಕ್ಕಕ್ಕೆ ಸರಿಸಿದ. “ಹಾಗಾದರೆ, ನನಗೆ ಗೊತ್ತಾಗದ ಹಾಗೆ ತೆಗೆಯಿರಿ.”

ಎದ್ದ. ಹಸುಗಳ ಕಡೆ ಹೋಗಲು ಅಭ್ಯಾಸದಂತೆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟವನು ನಿಂತುಬಿಟ್ಟ. ತಿರುಗಿ ನಡೆದ. ನಾಲ್ಕು ಮಾರು ಹೋದ ಮೇಲೆ, ಮುಖ ತಿರುಗಿಸದೆಯೇ ಕೇಳಿದ, ಅಷ್ಟು ಕಷ್ಟಪಟ್ಟು ಹತ್ತಿ ನಮಗೆ ಸಿಕ್ಕಿದ್ದಾದರೂ ಏನು ಎಂದು.

ಗುರುಗಳು ಗೋಡೆಗೆ ಒರಗಿಕೊಂಡರು.

“ತುದೀಲಿ ಮಂಜು ಬಿಟ್ಟು ಏನೂ ಕಾಣಲಿಲ್ಲ. ಒಳ್ಳೇ ಕೋಲು ಹೋಯ್ತು. ನಿನ್ನ ಕೈ ಸುಲೀತು. ಇಷ್ಟು ಖರ್ಚು. ಹನ್ನೆರಡು ವರ್ಷದ ಮೇಲೆ ನಿನ್ನ ಬೆನ್ನು ನೋಡಿದೆ. ಗಟ್ಟಿಯಾಗಿದೆ.”