ಬದುಕಿದವರನ್ನೂ ಕೇಳಬೇಕು

ಕಾಗೆಗೆ ದೇವರು ಬಳಗವನ್ನು ಕರೆದು ಉಣ್ಣುವ ಗುಣ ಕೊಟ್ಟಿದ್ದಾನೆ. ಅಂಥ ಕಾಗೆಗಳಿದ್ದ ಒಂದು ಅತ್ತಿಮರದಲ್ಲಿ ದಿನವೂ ಯಾರಾದರೂ ಸತ್ತು ಬೀಳತೊಡಗಿದರು. ಉಳಿದವರು ಹೆಣದ ಸುತ್ತ ಸೇರಿ ಅಳುತ್ತಿದ್ದರು.

ಒಂದು ಸಂಜೆ ತಾಯಿಕಾಗೆಯೊಂದರ ಮರಿ ಸತ್ತಿತು. ಪಕ್ಕದ ಕೊಂಬೆಯ ಕಾಜಾಣ ಕೇಳಿತು: "ಅಕ್ಕಾ, ಮರಿ ಏನು ತಿಂದಿತ್ತು?"

"ಹೆಣದ ಮುಂದೆ ಊಟದ ಮಾತೇ? ನಾಚಿಕೆಯಿಲ್ಲವೇ?" ಎಂದು ಕಾಗೆಗಳು ಕುಕ್ಕಲು ಬಂದವು. "ಇದು ದೈವೇಚ್ಛೆ!"

"ನೋಡಲು ಕಣ್ಣು ಕೊಟ್ಟದ್ದೂ ದೈವವೇ ಅಲ್ಲವೇ? ಸತ್ತವರು ಎಲ್ಲಿ ತಿಂದಿದ್ದರು ಹೇಳಿ. ಬದುಕಿದವರು ಎಲ್ಲಿ ತಿಂದಿರಿ, ಅದನ್ನೂ ಹೇಳಿ."

ತಾಯಿಯೇ ಮೊದಲು ಹೇಳಿತು: "ಅಕ್ಕಿ ಗಿರಣಿಯ ಹಿಂದೆ ಸತ್ತ ಇಲಿಗಳನ್ನು ಎಸೆದಿದ್ದರು. ನಾನೇ ತಂದು ತಿನ್ನಿಸಿದೆ. ನನಗೆ ಚೂರೂ ಉಳಿಯಲಿಲ್ಲ."

ಆಮೇಲೆ ಒಬ್ಬೊಬ್ಬರೇ ನೆನಪಿಸಿಕೊಂಡರು. ಸತ್ತವರೆಲ್ಲ ಆ ಇಲಿಗಳನ್ನು ತಿಂದಿದ್ದರು. ಬದುಕಿದವರು ಯಾರೂ ಮುಟ್ಟಿರಲಿಲ್ಲ.

"ಇಲಿಗಳಿಗೆ ಪಾಷಾಣ ಇಟ್ಟಿದ್ದಾರೆ," ಎಂದಿತು ಕಾಜಾಣ, ಮೆಲ್ಲಗೆ. ತಾಯಿ ತನ್ನ ಕೊಕ್ಕನ್ನು ಕೊಂಬೆಗೆ ಉಜ್ಜಿ ಉಜ್ಜಿ ಅತ್ತಿತು.

ಮರುದಿನದಿಂದ ಅದು ಗಿರಣಿಯ ಹಿಂದೆ ಕುಳಿತು ಬಂದವರನ್ನೆಲ್ಲ ಅಟ್ಟತೊಡಗಿತು. ಪರವೂರಿನ ಕಾಗೆಯೊಂದು ಹಂಗಿಸಿತು: "ಇಷ್ಟನ್ನೂ ಒಬ್ಬಳೇ ನುಂಗುತ್ತೀಯೇನೇ, ಹೊಟ್ಟೆಬಾಕಿ?"

"ಅದು ವಿಷ ಕಣಪ್ಪ."

"ಇಂಥ ನೆಪ ಬಹಳ ಕೇಳಿದ್ದೇನೆ!"

ತಾಯಿ ಮೈಮೇಲೆ ಬಿದ್ದು ಓಡಿಸಿತು. ಪರವೂರಿನ ಕಾಗೆ ಶಪಿಸುತ್ತ ಹಾರಿಹೋಗಿ, ಬೇರೆಲ್ಲೋ ಹುಳು ಹೆಕ್ಕಿ ತನ್ನ ಮರಿಗಳಿಗೆ ಉಣಿಸಿತು.

ಆ ಮರಿಗಳು ದೊಡ್ಡವಾದವು. ತಮ್ಮನ್ನು ಉಳಿಸಿದವಳು ಯಾರೆಂದು ಅವಕ್ಕೆ ತಿಳಿಯದು. ಭಗವಂತನಿಗೆ ತಿಳಿದಿದೆ, ಆ ತಾಯಿಯ ಕಣ್ಣೀರನ್ನು ಅವನೇ ಒರೆಸಲಿ.