ಎಲ್ಲರ ಕೈಲೂ ಸಾರಿನ ಬಕೆಟ್ಟು

ಕಪಿಲಾ ಹೊಳೆ ಒಂದು ಕಡೆ ಸೊಂಟ ತಿರುಗಿಸಿ ನಿಂತ್ಕೊಳ್ಳುತ್ತೆ. ಅಲ್ಲೊಂದು ಮಠ.

ಮಠದ ಬುದ್ಧಿಯವರಿಗೆ, ಅಂದ್ರೆ ಸ್ವಾಮಿಗಳಿಗೆ, ಎಷ್ಟು ವಯಸ್ಸು ಅಂತ ಆ ಹೊಳೆಗೂ ಗೊತ್ತಿಲ್ಲ. ಅವರ ಗಡ್ಡದಲ್ಲಿ ಗುಬ್ಬಚ್ಚಿ ಗೂಡು ಕಟ್ಟಿ, ಮರಿ ಮಾಡಿ, ಆ ಮರಿಗಳ ಮದುವೇನೂ ಅಲ್ಲೇ ಆಯ್ತಂತೆ. ಆ ಮದುವೆ ಊಟ ಉಂಡೋರು ಇನ್ನೂ ಬದುಕಿದಾರೆ, ಬೇಕಾದ್ರೆ ಕೇಳಿ.

ಅವರ ಶಿಷ್ಯ ಗುರುಮಲ್ಲು. ಕೂತ ಕಡೆ ಕೂರದ ಹುಡುಗ. ಧ್ಯಾನಕ್ಕೆ ಅಂತ ಕೂತ್ರೆ ಅವನ ಮೊಣಕಾಲು ಅಲ್ಲಾಡೋ ರಭಸಕ್ಕೆ ಮಠದ ಗಂಟೆ ತಾನಾಗೇ ಹೊಡ್ಕೋತಿತ್ತು.

ಕಾರಣ ಇತ್ತು. ಗುರುಮಲ್ಲು ಫೋನಲ್ಲೊಂದು ಅಂಗಡಿ ಇಟ್ಟಿದ್ದ. ವೀಡಿಯೊ ಗೇಮ್ ಆಡೋರಿಗೆ ಜಾಯ್‌ಸ್ಟಿಕ್ಕು, ಹೆಡ್‌ಫೋನು, ಬಣ್ಣದ ದೀಪ ಮಿನುಗೋ ಮೌಸು. ಆ ಅಂಗಡಿಗೆ ಬಾಗಿಲಿಲ್ಲ, ಗಲ್ಲಾಪೆಟ್ಟಿಗೆ ಇಲ್ಲ. ಗಿರಾಕೀನೂ ಇಲ್ಲ.

ಅಂಥ ಅಂಗಡಿ ಇಟ್ಟೋನು ಇವನೊಬ್ಬನೇ ಅಲ್ಲವಲ್ಲ. ಆಕಾಶದ ನಕ್ಷತ್ರ ಎಣಿಸಿ ಮುಗಿಸಿದೋರು ಕೂಡ ಆ ಅಂಗಡಿಗಳನ್ನ ಎಣಿಸೋಕೆ ಹೋಗಿ ಸುಸ್ತಾಗಿ ಮಲಗಿಬಿಟ್ರು.

ಒಬ್ಬ ತನ್ನ ಅಂಗಡಿಗೆ ಕೆಂಪು ಬಣ್ಣ ಹಾಕಿದ್ರೆ ಗುರುಮಲ್ಲೂ ಕೆಂಪು ಹಾಕೋನು. ಇನ್ನೊಬ್ಬ ಬೆಲೆ ಇಳಿಸಿದ್ರೆ ಇವನೂ ಇಳಿಸೋನು. ಮತ್ತೊಬ್ಬ ತಾನೇ ಗೇಮ್ ಆಡಿ ಜನಕ್ಕೆ ತೋರಿಸ್ತಾನೆ ಅಂತ ಗೊತ್ತಾದ್ರೆ ಇವನೂ ಹೊಳೆ ದಂಡೇಲಿ ಕೂತು ಆಡಿ ತೋರಿಸೋನು. ನೋಡೋಕೆ ಬಂದಿದ್ದು ಎರಡು ಎಮ್ಮೆ.

ಈ ಕಡೆ ಗುಂಡ್ಲುಪೇಟೆಯ ಸೋದರಮಾವ ಶಿವನಂಜಪ್ಪ ಗಡುವು ಕೊಟ್ಟಾಗಿತ್ತು. ಅವರದ್ದು ಬೂಸಾ ಅಂಗಡಿ. ಅಮಾವಾಸ್ಯೆ ದಾಸೋಹಕ್ಕೆ ಮಠಕ್ಕೆ ಬರ್ತೀನಿ, ಅಷ್ಟರೊಳಗೆ ನಿನ್ನ ಅಂಗಡಿ ಕಾಲೂರಿ ನಿಂತಿದ್ರೆ ಸರಿ, ಇಲ್ದಿದ್ರೆ ನನ್ನ ಟೆಂಪೋ ಹತ್ತು ಅಂದಿದ್ರು. ಮೂಟೆಗಳ ಮಧ್ಯೆ ಅವನಿಗೆ ಅಂತ ಒಂದು ಸ್ಟೂಲೂ ಹಾಕಿಸಿದ್ರು.

ಗುರುಮಲ್ಲು ಕಣ್ಣು ಮುಚ್ಚಿದ್ರೆ ಸಾಕು, ಆ ಸ್ಟೂಲು ನಡ್ಕೊಂಡು ಬರ್ತಿತ್ತು.

ಅಮಾವಾಸ್ಯೆ ಹಿಂದಿನ ದಿನ ಬೆಳಿಗ್ಗೆ ಬುದ್ಧಿಯವರು ಹೊಳೆ ಮೆಟ್ಟಿಲ ಮೇಲೆ ಕಾವಿಬಟ್ಟೆ ಒಗೀತಿದ್ರು. ಗುರುಮಲ್ಲು ಪಕ್ಕದಲ್ಲಿ ಕೂತ, ಎದ್ದ, ಮತ್ತೆ ಕೂತ.

"ಏನ್ ಮಾರ್ತೀಯಪ್ಪ ನೀನು?" ಅಂದ್ರು ಬುದ್ಧಿಯವರು.

"ಎಲ್ರೂ ಮಾರೋದನ್ನೇ ಬುದ್ಧಿ."

"ಯಾರಿಗೆ?"

"ಎಲ್ರಿಗೂ."

"ಆ ಎಲ್ರಲ್ಲಿ ಒಬ್ರ ಹೆಸರು ಹೇಳು."

ಗುರುಮಲ್ಲು ಬಾಯಿ ತೆರೆದ. ಪೈಪೋಟಿ ಅಂಗಡಿಗಳ ಹೆಸರೆಲ್ಲ ಮಂತ್ರದ ಥರ ಬಂದ್ವು. ಕೊಳ್ಳೋರ ಹೆಸರು ಒಂದೂ ಬರಲಿಲ್ಲ.

ನನಗೆ ಬರೋ ಫೋನೂ ಕೆಲಸಕ್ಕೆ ಬಾರದವೇ ಬುದ್ಧಿ ಅಂತ ಗೊಣಗಿದ. ನರಸೀಪುರದಿಂದ ರಾಜಮ್ಮಣ್ಣಿ ಅಂತ ಒಬ್ಬಜ್ಜಿ ಮಾಡಿದ್ರಂತೆ. ಬಟ್ಟೆ ಹೊಲಿಯೋರು. ಲಕ್ವ ಹೊಡೆದು ಬಲಗೈ ಬಿದ್ದೋಗಿದೆ. ಮೊಮ್ಮಗಳು ಕಾರ್ ರೇಸಲ್ಲಿ ದಿನಾ ಸೋಲಿಸಿ ಅಣಕಿಸ್ತಾಳೆ, ಒಂದೇ ಕೈಲಿ ಆಡೋ ಜಾಯ್‌ಸ್ಟಿಕ್ ಇದ್ರೆ ಕಳಿಸಪ್ಪ ಅಂದ್ರಂತೆ.

"ನೀನೇನಂದೆ?"

"ಅಂಥದ್ದನ್ನ ಯಾರೂ ಮಾರಲ್ಲ ಅಜ್ಜಿ ಅಂದೆ. ಫೋನಿಟ್ಟೆ."

ಬುದ್ಧಿಯವರು ಬಟ್ಟೆ ಹಿಂಡಿದ್ರು. ಹಿಂಡಿದ ನೀರಿಗೆ ಹೊಳೆ ಒಂದು ಗೇಣು ಏರ್ತು.

"ನಾಳೆ ದಾಸೋಹದಲ್ಲಿ ನೀನು ಸಾರು ಬಡಿಸು," ಅಂದ್ರು.

ಆ ಮಠದಲ್ಲೊಂದು ಪದ್ಧತಿ. ಗಂಟೆ ಹೊಡೆದು ಪಂಕ್ತಿ ಶುರುವಾದ್ರೆ, ಮುಗಿದ ಗಂಟೆ ಹೊಡೆಯೋವರೆಗೂ ಮಾತಿಲ್ಲ. ಉಣ್ಣೋರು ಬೇಕು ಅನ್ನೋ ಹಾಗಿಲ್ಲ, ಸಾಕು ಅನ್ನೋ ಹಾಗೂ ಇಲ್ಲ. ಬಡಿಸೋರು ಕೇಳೋ ಹಾಗಿಲ್ಲ. ಹಿಂದೆ ಯಾರೋ ಒಬ್ಬ ಮರೆತು "ಸ್ವಲ್ಪ ಉಪ್ಪು" ಅಂದುಬಿಟ್ಟು, ಅವನ ದನಿ ಬಾಯಿಂದ ಆಚೆ ಹೋಗಿದ್ದು ವಾಪಸ್ ಬರಲೇ ಇಲ್ವಂತೆ.

ಅಮಾವಾಸ್ಯೆ ದಿನ ಜನ ತುಂಬಿತು. ಕಲ್ಲುಹಾಸಿನ ಮೇಲೆ ಬಾಳೆಲೆ ಹಾಸಿದ್ರು.

ಗುರುಮಲ್ಲು ಬಕೆಟ್ ಹಿಡ್ಕೊಂಡು ಬಂದು ನೋಡ್ತಾನೆ, ಜೊತೆ ಶಿಷ್ಯ ಷಡಕ್ಷರಿ ಕೈಲೂ ಸಾರಿನ ಬಕೆಟ್ಟು. ಅವನ ಹಿಂದಿದ್ದೋನ ಕೈಲೂ ಸಾರು. ಮಠದ ಶಿಷ್ಯರಿಗೆಲ್ಲ ಬುದ್ಧಿಯವರು ಸಾರೇ ಕೊಟ್ಟಿದ್ರು. ಅನ್ನಕ್ಕೆ ಇದ್ದಿದ್ದು ಅಡುಗೆ ಭಟ್ಟರು ಒಬ್ರೇ.

ಗುರುಮಲ್ಲುಗೆ ಮೈ ಉರೀತು. ಇಲ್ಲೂ ಪೈಪೋಟಿಯಾ?

ಓಡಿದ. ಷಡಕ್ಷರಿ ಒಂದು ಸೌಟು ಹಾಕಿದ ಕಡೆ ಇವನು ಎರಡು ಹಾಕಿದ. ಕಣ್ಣು ಪೂರ್ತಿ ಷಡಕ್ಷರಿ ಬಕೆಟ್ ಮೇಲೇ. ಎಲೆಗಳೆಲ್ಲ ಕೆರೆಯಾದ್ವು, ಕೆರೆ ಕೋಡಿ ಬಿತ್ತು. ಸೋದರಮಾವನ ಎಲೇಲಿ ಹಪ್ಪಳ ತೆಪ್ಪದ ಹಾಗೆ ತೇಲ್ತಾ ಪಕ್ಕದವರ ಎಲೆ ಸೇರಿ ಅಲ್ಲಿ ನಿಂತ್ಕೊಂತು. ಶಿವನಂಜಪ್ಪನವರ ಮೀಸೆ ನೆಟ್ಟಗಾಯ್ತು. ಮಾತಾಡೋ ಹಾಗಿಲ್ವಲ್ಲ.

ಪಂಕ್ತಿಯ ಕೊನೇಲಿ ಯಾರೋ ಮುದುಕರು ಕೂತಿದ್ರು. ಎಲೆ ಬರೀದು. ಗುರುಮಲ್ಲು ಉಳಿದಿದ್ದನ್ನೆಲ್ಲ ಅಲ್ಲೇ ಸುರಿದು, ಖಾಲಿ ಬಕೆಟ್ ಎತ್ತಿ ಹಿಡಿದು, ಬುದ್ಧಿಯವರು ನೋಡಿದ್ರಾ ಅಂತ ಸುತ್ತ ಹುಡುಕಿದ.

ಬುದ್ಧಿಯವರು ಎಲ್ಲೂ ಕಾಣಲಿಲ್ಲ.

ಮತ್ತೆ ಕೆಳಗೆ ನೋಡಿದ. ಆ ಮುದುಕರ ಮಡಿಲಲ್ಲಿ ಸಾರು ತುಂಬಿತ್ತು. ಗಡ್ಡದಲ್ಲಿ ಕರಿಬೇವು. ಗುಬ್ಬಚ್ಚಿಗಳು ಹಾರಿಹೋಗಿದ್ವು.

ಪಂಕ್ತಿ ಮುಗಿದ ಗಂಟೆ ಬಾರಿಸಿದ ಮೇಲೆ ಕೈ ತೊಳೆಯೋ ಕಟ್ಟೆ ಹತ್ರ ಗುರುಮಲ್ಲು ಕಾಲಿಗೆ ಬಿದ್ದ. ಬುದ್ಧಿಯವರು ಕರಿಬೇವು ಆಯ್ಕೋತಾ ಇದ್ರು.

"ನಿನ್ನ ಬಕೆಟ್ ಖಾಲಿ ಆದಾಗ ಷಡಕ್ಷರಿ ಬಕೆಟ್ಟಲ್ಲಿ ಎಷ್ಟಿತ್ತು?"

"ಕಾಲು ಬಕೆಟ್ಟು ಬುದ್ಧಿ," ಅಂದ, ತಡಮಾಡದೆ.

"ನನ್ನ ಎಲೇಲಿ ಅನ್ನ ಎಷ್ಟಿತ್ತು?"

ಅವತ್ತು ಮೊದಲನೇ ಸಲ ಗುರುಮಲ್ಲು ಮೊಣಕಾಲು ಅಲ್ಲಾಡೋದು ನಿಂತಿತು.

ಬುದ್ಧಿಯವರು ಬಕೆಟ್ ತುಂಬಿಸಿ ಅವನ ಕೈಗೇ ಕೊಟ್ರು. ಎರಡನೇ ಪಂಕ್ತಿ ಕೂತಿತ್ತು. ಷಡಕ್ಷರಿ ಆಗಲೇ ಓಡ್ತಿದ್ದ.

ಗುರುಮಲ್ಲುಗೂ ಓಡಬೇಕು ಅನ್ನಿಸ್ತು. ಕಾಲು ತುರಿಸಿದ್ವು. ಹಲ್ಲು ಕಚ್ಚಿ ನಡೆದ. ಅನ್ನ ಇಲ್ಲದ ಎಲೆ ಕಂಡ್ರೆ ನಿಂತು ಭಟ್ಟರಿಗೆ ಕಣ್ಸನ್ನೆ ಮಾಡಿದ. ಸಾರು ಸಾಲದವರಿಗೆ ಹಾಕಿದ, ಸಾಕಾದವರನ್ನ ದಾಟಿ ಹೋದ.

ಮಧ್ಯದಲ್ಲೊಬ್ಬ ಆಸಾಮಿ ಕೂತಿದ್ದ. ಸ್ವಾಧೀನ ಇಲ್ಲದ ಬಲಗೈಯನ್ನ ಟವೆಲ್ ಒಳಗೆ ಮುಚ್ಚಿಟ್ಕೊಂಡು ಎಡಗೈಲಿ ಉಣ್ತಿದ್ದ. ತುತ್ತು ಕಲೆಸೋಕೆ ಹೋದ್ರೆ ಎಲೆ ಕಲ್ಲಿನ ಮೇಲೆ ಜಾರೋದು. ಹಿಡ್ಕೊಳ್ಳೋಕೆ ಇನ್ನೊಂದು ಕೈ ಬರಲ್ಲ. ಸಾರು ಹರಿದು ಆಚೆ ಹೋಗೋದು. ಶಿಷ್ಯರು ಒಬ್ಬರ ಹಿಂದೆ ಒಬ್ಬರು ಬಂದು ಅದೇ ಎಲೆಗೆ ಸಾರು ಹಾಕಿ ಹೋಗ್ತಿದ್ರು. ಅವನು ತಲೆ ತಗ್ಗಿಸಿ ಕೂತಿದ್ದ.

ಗುರುಮಲ್ಲು ಬಕೆಟ್ ಕೆಳಗಿಟ್ಟ. ನೀರಿನ ಲೋಟ ಎತ್ತಿ ಎಲೆಯ ಅಂಚಿನ ಮೇಲೆ ಇಟ್ಟ. ಎಲೆ ಅಲ್ಲಾಡಲಿಲ್ಲ. ಸೌಟಿನ ಬೆನ್ನಲ್ಲಿ ಅನ್ನದ ನಡುವೆ ಗುಂಡಿ ಮಾಡಿ ಅದರೊಳಗೆ ಸಾರು ಹಾಕಿದ.

ಆ ಮನುಷ್ಯ ತಲೆ ಎತ್ತಿ ನೋಡಿದ. ಆಮೇಲೆ ಎಡಗೈಲೇ ಒಂದು ತುತ್ತು ಕಲೆಸಿ ಬಾಯಿಗಿಟ್ಟ.

ಗುರುಮಲ್ಲು ಆ ಲೋಟವನ್ನೇ ನೋಡ್ತಾ ನಿಂತ. ಜಾಯ್‌ಸ್ಟಿಕ್ಕೂ ಅಷ್ಟೇ ಅಲ್ವಾ, ಒಂದು ಕೈಲಿ ಹಿಡಿದ್ರೆ ಜಾರುತ್ತೆ. ಅದನ್ನ ಮೇಜಿಗೆ ಕಚ್ಚಿಸಿ, ಬಟನ್‌ಗಳನ್ನೆಲ್ಲ ಎಡಗೈ ಕಡೆಗೆ ತಂದ್ರೆ? ಚಿಕ್ಕಂದಿನಿಂದ ಜಾಯ್‌ಸ್ಟಿಕ್ ಬಿಚ್ಚಿ ಜೋಡಿಸಿದ ಕೈ ಅವನದು. ಬೆರಳುಗಳು ಸೌಟಿನ ಮೇಲೇ ಸ್ಕ್ರೂ ತಿರುಗಿಸೋಕೆ ಶುರು ಮಾಡಿದ್ವು.

ಪಂಕ್ತಿ ಏಳೋದನ್ನೂ ಕಾಯದೆ ಮರದ ಕೆಳಗೆ ಹೋಗಿ ಫೋನ್ ಮಾಡಿದ. ಆ ಕಡೆ ರಾಜಮ್ಮಣ್ಣಿ ಮೊದಲು ಚೆನ್ನಾಗಿ ಬೈದ್ರು. ಆಮೇಲೆ ಎಡಗೈ ಹೆಬ್ಬೆರಳು ಎಷ್ಟು ದೂರ ಚಾಚುತ್ತೆ ಅಂತ ಟೇಪನ್ನ ಮೇಜಿನ ಮೇಲೆ ಹಾಸಿ ಅಳೆದು ಹೇಳಿದ್ರು. ಬೇಗ ಮಾಡ್ಕೊಡು, ಆ ಮೋಟುಜಡೆ ಮೊಮ್ಮಗಳ ಸೊಕ್ಕು ಮುರೀಬೇಕು ಅಂದ್ರು.

ತಿರುಗಿ ನೋಡಿದ್ರೆ ಬಾಗಿಲಲ್ಲಿ ಟೆಂಪೋ ಗುರ್ ಅಂತಿತ್ತು. ಶಿವನಂಜಪ್ಪನವರ ಪಂಚೆ ಮೇಲೆ ಸಾರಿನ ಕಲೆ ಭೂಪಟದ ಹಾಗೆ ಹರಡಿತ್ತು.

"ಅಂಗಡಿ ನಿಂತ್ಕೊಂತೇನ್ಲಾ ಅಳಿಯ?"

"ಒಬ್ರು ಸಿಕ್ಕವ್ರೆ ಮಾವ."

"ಒಬ್ರಾ?" ಮಾವ ನಕ್ಕ ನಗುವಿಗೆ ಟೆಂಪೋದ ಗಾಜು ಅದುರ್ತು. "ಒಬ್ರನ್ನ ನಂಬ್ಕೊಂಡು ಬೂಸಾನೂ ಮಾರಕ್ಕಾಗಲ್ಲ ಕಣ್ಲಾ. ಹತ್ತು."

ಗುರುಮಲ್ಲು ಟೆಂಪೋ ನೋಡಿದ. ಆಚೆ ಮೂರನೇ ಪಂಕ್ತಿಗೆ ಎಲೆ ಹಾಸ್ತಿದ್ರು. ಅವನ ಬಕೆಟ್ ಅಲ್ಲೇ ಕಾಯ್ತಿತ್ತು.

"ಇವತ್ತು ಬರಲ್ಲ ಮಾವ. ಆ ಸ್ಟೂಲ್ ಮೇಲೆ ನೀವೇ ಕೂತ್ಕೊಳಿ, ಮಂಡಿ ನೋವು ಅಂತಿದ್ರಲ್ಲ."

ಮಾವ ಅವನನ್ನೇ ದಿಟ್ಟಿಸಿ ನೋಡಿದ್ರು. ಆಮೇಲೆ ಮಂಡಿ ನೀವ್ಕೊಂಡು ತಾವೇ ಹತ್ತಿದ್ರು. ಟೆಂಪೋ ಎಬ್ಬಿಸಿದ ಧೂಳು ಗುಂಡ್ಲುಪೇಟೆವರೆಗೂ ಅವರ ಹಿಂದೇನೇ ಹೋಯ್ತು.

ಟೆಂಪೋ ಕಣ್ಮರೆ ಆದ ಮೇಲೆ ಗುರುಮಲ್ಲುಗೆ ಅನುಮಾನ ಶುರುವಾಯ್ತು. ಮಾಡಿದ್ದು ಸರಿಯಾ? ಓಡಿಹೋಗಿ ಬುದ್ಧಿಯವರ ಮುಂದೆ ನಿಂತ. ಅವರು ಪಂಕ್ತಿಯ ಕೊನೇಲಿ ಮತ್ತೆ ಎಲೆ ಮುಂದೆ ಕೂತಿದ್ರು. ಈ ಸಲ ಮಡಿಲಲ್ಲಿ ದಪ್ಪ ಗೋಣಿಚೀಲ ಹಾಸ್ಕೊಂಡಿದ್ರು.

"ಬುದ್ಧಿ, ಇರೋದು ಒಬ್ಬಜ್ಜಿ. ಅವರಿಗೆ ಮಾಡ್ಕೊಟ್ರೆ ಮುಗೀತು. ಒಬ್ರಿಂದ ಅಂಗಡಿ ಹೆಂಗೆ ನಿಲ್ಲುತ್ತೆ?"

ಬುದ್ಧಿಯವರು ಗಂಟೆ ಹೊಡೆಯೋನ ಕಡೆ ನೋಡಿದ್ರು. ಅವನು ಹಗ್ಗ ಹಿಡಿದಾಗಿತ್ತು. ಪಂಕ್ತಿ ಶುರುವಾದ್ರೆ ಮಾತಿಲ್ಲ.

"ಒಂದು ಎಲೆ ಆಯ್ತಲ್ಲ, ಪಕ್ಕದ ಎಲೇಲಿ ಏನು ಕಮ್ಮಿ ಇದೆ," ಅಂದ್ರು, "ನೋಡ್ಕೊಂಡು ಬಾ."