ಗಣಿ ಹಟ್ಟಿಗೆ ಅಮ್ಮ ಬಂದದ್ದು

"ಬಡತನ ಹೋಗದೆ ಮಕ್ಕಳ ಕೈಯಿಂದ ಸುತ್ತಿಗೆ ಹೋಗುತ್ತದೆಯೇ, ಅಜ್ಜಾರೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮರುಳಯ್ಯ. ಮಠದ ಶಾಲೆಗೆ ಮಕ್ಕಳನ್ನು ಕರೆತರಲು ಬೆಳಿಗ್ಗೆ ಅದಿರು ಗಣಿಯ ಹಟ್ಟಿಗೆ ಹೋಗಿದ್ದ. ಮಧ್ಯಾಹ್ನ ಒಬ್ಬನೇ ವಾಪಸು ಬಂದಿದ್ದ. ಅಲ್ಲಿ ಒಬ್ಬ ತಂದೆ ಇವನನ್ನು ಕೂರಿಸಿ, ನೀರು ಕೊಟ್ಟು, ಬಹಳ ಮರ್ಯಾದೆಯಿಂದ ಕೇಳಿದ್ದನಂತೆ: ಮಗು ಶಾಲೆಗೆ ಬಂದರೆ ಅದರ ಪಾಲಿನ ಕಲ್ಲನ್ನು ತಾವು ಒಡೆಯುತ್ತೀರೇನು ಸ್ವಾಮಿ? ಮರುಳಯ್ಯ ತನ್ನ ಅಂಗೈ ನೋಡಿಕೊಂಡು ಎದ್ದು ಬಂದಿದ್ದ.

ಗುರುಗಳು ಶೇಂಗಾ ಸುಲಿಯುತ್ತ ಕೂತಿದ್ದರು. ಆ ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರು ಹೇಳಿದರು: ಈ ಪ್ರಶ್ನೆಗೆ ಉತ್ತರ ಗೊತ್ತಿರುವವರು ಮೂರು ಲೋಕದಲ್ಲಿ ಇಬ್ಬರೇ. ಒಬ್ಬ ನಾನು. ಇನ್ನೊಬ್ಬ ಯಾರು ಎಂಬುದು ನನಗೆ ಮರೆತುಹೋಗಿದೆ. ಈಗ ಒಂದು ಕತೆ ಹೇಳುತ್ತೇನೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಬಿಳಿ ಗಡ್ಡ ನಾಳೆ ಬೆಳಗಾಗುವುದರೊಳಗೆ ಕಪ್ಪಾಗಲಿ.

ಒಂದು ಗುಡ್ಡವಿತ್ತು. ಗುಡ್ಡದಲ್ಲಿ ಕಬ್ಬಿಣದ ಅದಿರು, ಗುಡ್ಡದ ಬುಡದಲ್ಲಿ ಕೂಲಿಯವರ ಹಟ್ಟಿ. ಆ ಹಟ್ಟಿ ಎಷ್ಟು ಕೆಂಪಗಿತ್ತು ಎಂದರೆ, ಅಲ್ಲಿ ಬಿಳಿ ಕೋಳಿಯ ಮರಿ ಮೊಟ್ಟೆಯೊಳಗಿಂದಲೇ ಕೆಂಪಾಗಿ ಹೊರಗೆ ಬರುತ್ತಿತ್ತು. ನಾನು ಹುಡುಗನಿದ್ದಾಗ ಬಿಳಿ ಪಂಚೆ ಉಟ್ಟು ಆ ಹಟ್ಟಿಯೊಳಗೆ ಹೋದೆ, ಆ ಕಡೆಯಿಂದ ಹೊರಗೆ ಬರುವಾಗ ಉಟ್ಟದ್ದು ಕಾವಿಯಾಗಿತ್ತು. ಜನ ಕಾಲಿಗೆ ಬಿದ್ದರು. ನಾನು ಸನ್ಯಾಸಿಯಾದದ್ದು ಹಾಗೆ.

ಹಟ್ಟಿಯವರ ಕೆಲಸ ಕಲ್ಲು ಒಡೆಯುವುದು, ಜರಡಿ ಹಿಡಿಯುವುದು, ಜರಡಿ ಹಿಡಿದದ್ದನ್ನು ಪೆಟ್ಟಿಗೆಗೆ ತುಂಬುವುದು. ಪೆಟ್ಟಿಗೆ ಎಂದರೆ ತಳವಿಲ್ಲ, ಮುಚ್ಚಳವಿಲ್ಲ. ನೆಲದ ಮೇಲೆ ನಿಲ್ಲಿಸಿದ ನಾಲ್ಕು ಹಲಗೆ, ಅಷ್ಟೇ. ಒಂದು ಮನೆಗೆ ಒಂದು ಪೆಟ್ಟಿಗೆ. ಪೆಟ್ಟಿಗೆ ತುಂಬಿದರೆ ಆ ಮನೆಗೆ ಆ ದಿನದ ಕೂಲಿ. ತುಂಬದಿದ್ದರೆ ಕೂಲಿಯಿಲ್ಲ.

ಗಣಿಗೆ ಒಬ್ಬ ಗುತ್ತಿಗೆದಾರನಿದ್ದ. ಒಳ್ಳೆಯ ಮನುಷ್ಯ. ಯಾರ ಮೇಲೂ ಕೈ ಮಾಡಿದವನಲ್ಲ, ಯಾರನ್ನೂ ಬೈದವನಲ್ಲ. ಒಂದು ಮನೆಯಲ್ಲಿ ಒಂದು ಮಗು ಸುತ್ತಿಗೆ ಹಿಡಿಯಿತು ಎಂದರೆ, ಬಡಗಿಯನ್ನು ಕರೆಸಿ ಆ ಮನೆಯ ಪೆಟ್ಟಿಗೆಗೆ ಇನ್ನೊಂದು ಸುತ್ತು ಹಲಗೆ ಏರಿಸುತ್ತಿದ್ದ. ಏರಿಸುತ್ತಿದ್ದದ್ದು ಹಲಗೆಯನ್ನು ಮಾತ್ರ. ಏಕೆ ಧಣಿ ಎಂದು ಯಾರಾದರೂ ಕೇಳಿದರೆ, ಕೈ ಜಾಸ್ತಿಯಾಯಿತಲ್ಲ, ಪೆಟ್ಟಿಗೆ ಬೇಗ ತುಂಬಿಬಿಟ್ಟರೆ ಮಧ್ಯಾಹ್ನದ ಮೇಲೆ ನಿಮಗೆ ಹೊತ್ತು ಹೋಗಬೇಕಲ್ಲ ಎನ್ನುತ್ತಿದ್ದ. ಹಟ್ಟಿಯವರು ಹೌದೌದು ಎಂದು ತಲೆಯಾಡಿಸುತ್ತಿದ್ದರು. ಐದು ಮಕ್ಕಳಿದ್ದ ಒಬ್ಬನ ಪೆಟ್ಟಿಗೆ ಎಷ್ಟು ಎತ್ತರ ಬೆಳೆಯಿತು ಎಂದರೆ, ಆತ ಏಣಿ ಹಾಕಿ ಒಳಗಿಳಿದು ಅದಿರನ್ನು ಸಮ ಮಾಡಬೇಕಾಗಿತ್ತು. ಒಂದು ಸಲ ಯಾರೋ ಏಣಿ ತೆಗೆದುಬಿಟ್ಟರು. ಆತ ಮೂರು ದಿನ ಒಳಗೇ ಇದ್ದ. ಹೆಂಡತಿ ಹಗ್ಗದಲ್ಲಿ ಬುತ್ತಿ ಇಳಿಸುತ್ತಿದ್ದಳು. ಬುತ್ತಿಯ ಜೊತೆ ನಾಲ್ಕು ಮಾತು ಬೈಗುಳವನ್ನೂ ಇಳಿಸುತ್ತಿದ್ದಳು.

ವರ್ಷಕ್ಕೊಮ್ಮೆ ಒಬ್ಬ ಅಧಿಕಾರಿ ಬರುತ್ತಿದ್ದ. ಇಲ್ಲಿ ಮಕ್ಕಳು ದುಡಿಯುತ್ತಾರೆಯೇ ಎಂದು ಕೇಳುವುದು ಅವನ ಕೆಲಸ. ಗುತ್ತಿಗೆದಾರ ಕೂಲಿಯವರ ಪಟ್ಟಿ ತೆಗೆದು ಮುಂದಿಡುತ್ತಿದ್ದ. ಪಟ್ಟಿಯಲ್ಲಿ ಮನೆಯ ಯಜಮಾನನ ಹೆಸರು ಬಿಟ್ಟರೆ ಇನ್ನೊಂದು ಹೆಸರಿಲ್ಲ. ಆ ಪಟ್ಟಿಯಲ್ಲಿಲ್ಲದ ಮಕ್ಕಳು ಓಡಿಹೋಗಿ ಅಧಿಕಾರಿಗೆ ಎಳನೀರು ತಂದುಕೊಡುತ್ತಿದ್ದವು. ಅಧಿಕಾರಿ ಎಳನೀರು ಕುಡಿದು, ಮಕ್ಕಳು ಕಂಡುಬರಲಿಲ್ಲ ಎಂದು ಬರೆದು, ಬಾಯಿ ಒರೆಸಿಕೊಂಡು ಹೋಗುತ್ತಿದ್ದ.

ಆ ಹಟ್ಟಿಯಲ್ಲಿ ಒಬ್ಬ ತಾಯಿ. ಅವಳಿಗೆ ಒಬ್ಬಳೇ ಮಗಳು, ಗಾಳೆಮ್ಮ. ವಯಸ್ಸು ಒಂಬತ್ತು, ಸುತ್ತಿಗೆ ಹಿಡಿದು ಎರಡು ವರ್ಷ. ಹುಡುಗಿ ಎಷ್ಟು ಸಣ್ಣಗಿದ್ದಳು ಎಂದರೆ, ಜರಡಿಯ ಹತ್ತಿರ ನಿಂತರೆ ಎಲ್ಲಿ ಅದರ ತೂತಿನಲ್ಲಿ ಜಾರಿಹೋಗುತ್ತಾಳೋ ಎಂದು ತಾಯಿ ಅವಳ ಲಂಗ ಹಿಡಿದಿರುತ್ತಿದ್ದಳು.

ಒಂದು ದಿನ ಗುಡ್ಡದ ಹೊಟ್ಟೆಯಲ್ಲಿ ಒಂದು ಸಂದಿ ಕಾಣಿಸಿತು. ಮೇಲೆ ದೊಡ್ಡ ಬಂಡೆ, ಕೆಳಗೆ ಒಂದು ಗೇಣಿನ ಬಾಯಿ, ಒಳಗೆ ಒಳ್ಳೆಯ ಅದಿರು. ದೊಡ್ಡವರ ಭುಜ ಅಲ್ಲಿ ಹೋಗುವುದಿಲ್ಲ. ಗುತ್ತಿಗೆದಾರ ಸಾಲಾಗಿ ನಿಂತ ಮಕ್ಕಳನ್ನು ನೋಡಿ ಗಾಳೆಮ್ಮನ ತಲೆ ಸವರಿದ. ಈ ಹುಡುಗಿ ದಾರದ ಹಾಗೆ ಇದ್ದಾಳೆ, ಸೋಮವಾರ ಇವಳು ಒಳಗೆ ಹೋಗಲಿ, ಆಮೇಲೆ ಒಂದು ಉಂಡೆ ಬೆಲ್ಲ ಕೊಡೋಣ ಎಂದ. ಹಟ್ಟಿಯವರು ಆ ಮನೆಯ ಅದೃಷ್ಟವೇ ಅದೃಷ್ಟ ಎಂದರು.

ತಾಯಿ ಮೂರು ಸಲ ಗುತ್ತಿಗೆದಾರನ ಹತ್ತಿರ ಹೋದಳು. ಮಗಳಿಗೆ ಮೈ ಬಿಸಿ ಎಂದಳು. ಸಂದಿಯೊಳಗೆ ತಂಪಿರುತ್ತದೆ ಎಂದ. ಶಾಲೆಗೆ ಹಾಕುತ್ತೇನೆ ಎಂದಳು. ಹಾಕು, ಸೋಮವಾರ ಬಿಟ್ಟು ಮಂಗಳವಾರ ಹಾಕು ಎಂದ. ಬಂಡೆ ಕೂತರೆ ಗತಿಯೇನು ಎಂದಳು. ಈ ಬಂಡೆ ನನ್ನ ತಾತನ ಕಾಲದಿಂದ ನಿಂತಿದೆ, ನಿನ್ನ ಮಗಳನ್ನು ನೋಡಿ ಯಾಕೆ ಕೂರುತ್ತದೆ ಎಂದ. ಗಂಡನಿಗೆ ಹೇಳಿದಳು. ಅವನು ಪೆಟ್ಟಿಗೆಯನ್ನು ನೋಡಿದ, ನೆಲವನ್ನು ನೋಡಿದ, ಸುತ್ತಿಗೆ ಎತ್ತಿಕೊಂಡು ಕಲ್ಲಿನ ಕಡೆ ಹೋದ.

ಈಗ ಒಂದು ವಿಷಯ ನೆನಪಿಟ್ಟುಕೋ. ಮೈಮೇಲೆ ಗುಳ್ಳೆ ಎದ್ದರೆ ನಮ್ಮ ಕಡೆ ಅಮ್ಮ ಬಂದಳು ಎನ್ನುತ್ತಾರೆ. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಬೇವು ಕಂಡರೆ ಪೊಲೀಸನೂ ಹೊಸ್ತಿಲು ದಾಟುವುದಿಲ್ಲ. ನಮ್ಮ ಗುತ್ತಿಗೆದಾರನಿಗೆ ಐವತ್ತು ತುಂಬಿತ್ತು, ಅಮ್ಮ ಒಮ್ಮೆಯೂ ಬಂದಿರಲಿಲ್ಲ. ದೊಡ್ಡವರಾದ ಮೇಲೆ ಬಂದರೆ ಬಹಳ ಕಷ್ಟ ಎಂದು ಯಾರೋ ಅವನ ಕಿವಿಯಲ್ಲಿ ಹೇಳಿದ್ದರು. ಹೇಳಿದವನು ನಾನೇ ಇರಬೇಕು.

ಭಾನುವಾರ ಬೆಳಿಗ್ಗೆ ತಾಯಿ ಮಗಳನ್ನು ಕೂರಿಸಿ ನೀರು ಹಾಕಿದಳು. ಮೊದಲ ಕೊಡ ಕೆಂಪು ಹರಿಯಿತು. ಎರಡನೆಯದೂ ಕೆಂಪು. ಏಳನೆಯ ಕೊಡಕ್ಕೆ ಆ ಕೆಂಪಿನ ಒಳಗಿನಿಂದ ಒಬ್ಬ ಹುಡುಗಿ ಬಂದಳು. ಹೊರಗಿಂದ ಬಂದ ತಂದೆ ಯಾರ ಮನೆಯ ಮಗು ಇದು, ಪಾಪ, ಇಲ್ಲೇಕೆ ಕೂತಿದೆ ಎಂದು ಕೇಳಿದ. ತಾಯಿ ಒಂದು ಚಿಟಿಕೆ ಅದಿರಿನ ಪುಡಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಪೊರಕೆಕಡ್ಡಿಯಿಂದ ಮಗಳ ಮುಖಕ್ಕೆ, ಕೈಗೆ, ಬೆನ್ನಿಗೆ ಚುಕ್ಕಿ ಇಟ್ಟಳು. ಬಾಗಿಲಿಗೆ ಬೇವು ಕಟ್ಟಿದಳು.

ಸೋಮವಾರ ಗುತ್ತಿಗೆದಾರ ಬಂದ. ಬೇವು ನೋಡಿದ. ಕಿಟಕಿಯಿಂದ ಚುಕ್ಕಿ ನೋಡಿದ. ಬಂದ ಹಾಗೆಯೇ ಬೆನ್ನು ತಿರುಗಿಸದೆ ಹಿಂದೆ ಹಿಂದೆ ನಡೆದು ಅರ್ಧ ಮೈಲಿ ಹೋದ. ಹಾಗೆ ಹೋಗುವಾಗ ದಾರಿಯಲ್ಲಿ ಒಂದು ಎಮ್ಮೆಗೆ ಗುದ್ದಿ ಅದರ ಕ್ಷಮೆಯನ್ನೂ ಕೇಳಿದ.

ಪಕ್ಕದ ಮನೆಯವಳಿಗೆ ಕಣ್ಣಿತ್ತು. ಅವಳಿಗೂ ಇಬ್ಬರು ಮಕ್ಕಳು. ಗಾಳೆಮ್ಮ ಆಗದಿದ್ದರೆ ಸಂದಿಗೆ ಮುಂದಿನ ಸರದಿ ಯಾರದು ಎಂದು ಅವಳು ಲೆಕ್ಕ ಹಾಕಿದ್ದಳು. ಸಂಜೆಗೆ ಅವಳ ಬಾಗಿಲಲ್ಲೂ ಬೇವು. ಮಂಗಳವಾರ ಹನ್ನೊಂದು ಮನೆಗೆ ಅಮ್ಮ ಬಂದಳು. ಬುಧವಾರ ಮಕ್ಕಳಿದ್ದ ಒಂದು ಮನೆಯನ್ನೂ ಬಿಡಲಿಲ್ಲ. ಹಟ್ಟಿಯಲ್ಲಿದ್ದ ಒಂದೇ ಬೇವಿನ ಮರ ಬೋಳಾಯಿತು. ಕೊನೆಯ ನಾಲ್ಕು ಮನೆಯವರು ಹುಣಸೆ ಸೊಪ್ಪು ಕಟ್ಟಿದರು. ದೂರದಿಂದಲೇ ಗುತ್ತಿಗೆದಾರ ಇದೇನು ಹುಣಸೆ ಎಂದು ಕೇಳಿದ್ದಕ್ಕೆ, ಈ ಮನೆಗೆ ಬಂದ ಅಮ್ಮ ಬಸುರಿ, ಹುಳಿ ಬೇಡುತ್ತಾಳೆ ಎಂದರು.

ತಾಯಂದಿರಿಗೆ ಕೆಲಸ ಹೆಚ್ಚಾಗಿ ಚುಕ್ಕಿ ಇಡುವುದನ್ನು ಮಕ್ಕಳಿಗೇ ಬಿಟ್ಟರು. ಮಕ್ಕಳು ಒಬ್ಬರಿಗೊಬ್ಬರು ಇಟ್ಟುಕೊಂಡವು. ಒಬ್ಬ ಹುಡುಗನ ಬೆನ್ನಲ್ಲಿ ಐದೈದು ಚುಕ್ಕಿಯ ಐದು ಸಾಲು ಎದ್ದಿತ್ತು. ಅವನ ಅಕ್ಕ ಅಷ್ಟಕ್ಕೇ ಬಿಡದೆ ಸಾಲು ಸೇರಿಸಿ ಒಂದು ಕಮಲವನ್ನೂ ಬರೆದಿದ್ದಳು. ನಾನು ಇಡೀ ನಾಡಿನ ರೋಗ ನೋಡಿದವನು. ಅಷ್ಟು ಅಂದವಾದ ರೋಗವನ್ನು ಬೇರೆಲ್ಲೂ ನೋಡಿಲ್ಲ.

ದೊಡ್ಡವರು ಮಿಂದು ಕೆಲಸಕ್ಕೆ ಹೋಗಬಹುದು, ಮಕ್ಕಳು ಮಾತ್ರ ಗಣಿಯ ಗಡಿ ಮುಟ್ಟಬಾರದು ಎಂದು ಹಟ್ಟಿಯ ಹೆಂಗಸರೇ ಶಾಸ್ತ್ರ ಹೇಳಿದರು. ಮಕ್ಕಳಿಗೆ ಮನೆಯಲ್ಲಿ ಬೇಸರ ಬಂದು ಅವು ಶಾಲೆಗೆ ಹೋದವು. ಶಾಲೆಯ ಮೇಷ್ಟ್ರು ಎಂಟು ವರ್ಷದಿಂದ ಬರೀ ಹಾಜರಿ ಪುಸ್ತಕಕ್ಕೆ ಪಾಠ ಮಾಡಿದವರು. ಒಮ್ಮೆಗೇ ಮೂವತ್ತೆಂಟು ಮಕ್ಕಳನ್ನು ಕಂಡು, ಯಾರನ್ನು ಹುಡುಕಿಕೊಂಡು ಬಂದಿರಪ್ಪ ಎಂದು ಕೇಳಿದರು.

ಇತ್ತ ಗಂಡ ಹೆಂಡತಿ ಇಬ್ಬರೇ ಎಷ್ಟು ಒಡೆದರೂ ಎತ್ತರದ ಪೆಟ್ಟಿಗೆ ತುಂಬಲಿಲ್ಲ. ಮೊದಲ ಮೂರು ದಿನ ಕೂಲಿಯಿಲ್ಲ. ಹಟ್ಟಿ ಗಂಜಿ ಕುಡಿಯಿತು. ಗಾಳೆಮ್ಮನ ತಂದೆ ಹೆಂಡತಿಗೆ ಹೇಳಿದ, ನಾಳೆಯೂ ಹೀಗಾದರೆ ಚುಕ್ಕಿ ಒರೆಸು ಎಂದು. ಅವಳು ಒರೆಸಲಿಲ್ಲ. ಗಂಜಿಗೆ ಇನ್ನೊಂದು ತಂಬಿಗೆ ನೀರು ಹಾಕಿದಳು.

ಆದರೆ ಅದಿರಿಲ್ಲದೆ ಲಾರಿಗಳೂ ನಿಂತಿದ್ದವು. ಲಾರಿಗಳ ಸಾಲು ಮೂರು ಊರು ದಾಟಿತ್ತು. ಕೊನೆಯ ಲಾರಿಯ ಡ್ರೈವರ್ ಕಾದು ಕಾದು ರಸ್ತೆ ಬದಿಯಲ್ಲಿ ಹೀರೇಬಳ್ಳಿ ಹಾಕಿ, ಕಾಯಿ ಬಿಟ್ಟ ಮೇಲೆ ಕಿತ್ತು, ಪಲ್ಯ ಮಾಡಿದ. ನಾಲ್ಕು ದಿನದಲ್ಲಿ ಹೀರೇಕಾಯಿ ಬಿಡುತ್ತದೆಯೇ ಎಂದು ನನ್ನನ್ನು ಕೇಳಬೇಡ. ಆ ಪಲ್ಯವನ್ನು ತಿಂದವನು ನಾನು. ಉಪ್ಪು ಸ್ವಲ್ಪ ಮುಂದಾಗಿತ್ತು.

ಲಾರಿಯವರು ಬೇರೆ ಗಣಿಗೆ ಹೋಗುತ್ತೇವೆ ಎಂದರು. ಕೂಲಿ ಸಿಗದ ಜನ ಬೇರೆ ಗುಡ್ಡಕ್ಕೆ ಹೊರಡುವ ಮಾತಾಡುತ್ತಿದ್ದರು. ಶನಿವಾರ ಗುತ್ತಿಗೆದಾರನೇ ಬಡಗಿಯನ್ನು ಕರೆಸಿದ. ಅಮ್ಮ ಹೋಗುವವರೆಗೆ ಮಾತ್ರ ಎಂದು ಹೇಳಿ ಮೇಲಿನ ಹಲಗೆಗಳನ್ನು ಬಿಚ್ಚಿಸಿದ. ಸಂಜೆಗೆ ಎಲ್ಲ ಪೆಟ್ಟಿಗೆಯೂ ತುಂಬಿತು. ಗಾಳೆಮ್ಮನ ತಂದೆ ಕೂಲಿ ಇಸಿದುಕೊಂಡ. ಕೈಯಲ್ಲಿದ್ದದ್ದನ್ನು ನೋಡಿದ. ಮಗಳು ದುಡಿಯುವಾಗ ಎಷ್ಟು ಸಿಗುತ್ತಿತ್ತೋ ಅಷ್ಟೇ ಇತ್ತು. ಮಗಳು ಹುಟ್ಟುವ ಮುಂಚೆ ಎಷ್ಟು ಸಿಗುತ್ತಿತ್ತೋ ಅದೂ ಅಷ್ಟೇ. ಅವನು ಆ ಗಿಡ್ಡ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತ. ಎರಡು ವರ್ಷ ಮಗಳು ತುಂಬಿದ್ದು ಆ ಮೇಲಿನ ಹಲಗೆಯನ್ನು ಮಾತ್ರ, ಮನೆಯ ಗಡಿಗೆಯನ್ನಲ್ಲ ಎಂದು ಅವನಿಗೆ ಆಗ ತಿಳಿಯಿತು. ಹೆಂಡತಿ ಏಳು ಎಂದಾಗಲೂ ಅವನು ಏಳಲಿಲ್ಲ.

ಹತ್ತನೆಯ ದಿನ ಗುತ್ತಿಗೆದಾರ ಧೈರ್ಯ ತಂದುಕೊಂಡ. ಮೂಗಿಗೆ ಬಟ್ಟೆ ಕಟ್ಟಿ, ಅಮ್ಮನಿಗೆ ಮೊಸರನ್ನ ಹಿಡಿದು, ಗಾಳೆಮ್ಮನ ಮನೆಯ ಮುಂದೆ ನಿಂತ. ಹುಡುಗಿ ಹೊಸ್ತಿಲಲ್ಲಿ ಕೂತು ಮಗ್ಗಿ ಹೇಳುತ್ತಿದ್ದಳು. ಅವನು ಅವಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಬಟ್ಟೆ ಕೆಳಗೆಳೆದು ತಾಯಿಯನ್ನು ಕರೆದ.

"ಏನಮ್ಮಾ, ಮೊನ್ನೆ ದೊಡ್ಡ ಚುಕ್ಕಿ ಬಲಗೆನ್ನೆ ಮೇಲಿತ್ತು. ಈವತ್ತು ಎಡಗೆನ್ನೆ ಮೇಲಿದೆಯಲ್ಲ?"

"ನಿಮ್ಮ ಪೆಟ್ಟಿಗೆ ನಮ್ಮ ಮಕ್ಕಳ ಜೊತೆಗೇ ಬೆಳೀತಲ್ಲ ಧಣಿ, ಅದನ್ನ ನಾವು ಕೇಳಿದ್ವಾ? ಅಮ್ಮ ಒಂದು ಕೆನ್ನೆ ಬಿಟ್ಟು ಇನ್ನೊಂದಕ್ಕೆ ಹೋದರೆ ನೀವ್ಯಾಕೆ ಕೇಳ್ತೀರಿ?"

ಗುತ್ತಿಗೆದಾರನಿಗೆ ಎಲ್ಲ ತಿಳಿಯಿತು. ನಾಳೆಯಿಂದ ಮಕ್ಕಳೂ ಬರಬೇಕು, ಹಲಗೆಯೂ ಏರಬೇಕು ಎಂದ. ಅಷ್ಟು ಹೊತ್ತಿಗೆ ಗಂಡಸರು ಬಂದು ಸುತ್ತ ನಿಂತಿದ್ದರು. ಯಾರೂ ಕೂಗಾಡಲಿಲ್ಲ. ಗಾಳೆಮ್ಮನ ತಂದೆ ಮುಂದೆ ಬಂದು, ಹಲಗೆ ಏರಿಸಿ ಧಣಿ, ಅಡ್ಡಿಯಿಲ್ಲ, ಕೆಳಗಿನದನ್ನು ನಾವು ತುಂಬುತ್ತೇವೆ, ಮೇಲಿನದನ್ನು ನಿಮ್ಮ ಮಕ್ಕಳು ಬಂದು ತುಂಬಲಿ ಎಂದ. ಗುತ್ತಿಗೆದಾರ ಲಾರಿಗಳ ಸಾಲನ್ನು ನೋಡಿದ. ಆಮೇಲೆ ಬಡಗಿಯನ್ನು ಕರೆದು ಹಲಗೆಗಳೆಲ್ಲಿ ಎಂದು ಕೇಳಿದ. ಬಡಗಿ ತಲೆ ಕೆರೆದುಕೊಂಡ. ಅಮ್ಮನಿಗೆ ಎಡೆ ಇಡಲೆಂದು ಹೆಂಗಸರು ಹಿಂದಿನ ದಿನ ಹೋಳಿಗೆ ಬೇಯಿಸಿದ್ದರು. ಸೌದೆ ಸಾಕಾಗಿರಲಿಲ್ಲ. ಪ್ರಸಾದವೆಂದು ಗುತ್ತಿಗೆದಾರನ ಮನೆಗೆ ಕಳಿಸಿದ್ದ ಎಂಟು ಹೋಳಿಗೆಯನ್ನು ಅವನೇ ತುಪ್ಪ ಹಾಕಿಕೊಂಡು ತಿಂದಿದ್ದ.

ಸಂದಿಯ ಅದಿರಿನ ಆಸೆ ಅವನಿಗೆ ಬಿಡಲಿಲ್ಲ. ಒಮ್ಮೆ ತಾನೇ ಒಳಗೆ ಹೋಗಲು ನೋಡಿದ. ತಲೆ ಹೋಯಿತು, ಹೊಟ್ಟೆ ಹೋಗಲಿಲ್ಲ. ಆರು ಜನ ಕಾಲು ಹಿಡಿದು ಎಳೆದು ತೆಗೆದರು. ಆ ವರ್ಷದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಮೇಲಿನ ಬಂಡೆ ಕೂತುಬಿಟ್ಟಿತು. ಆಗ ಗಾಳೆಮ್ಮ ಶಾಲೆಯಲ್ಲಿ ಹದಿಮೂರರ ಮಗ್ಗಿಯಲ್ಲಿ ಸಿಕ್ಕಿಕೊಂಡಿದ್ದಳು.

ಅಜ್ಜಾರು ಇಷ್ಟು ಹೇಳಿ ಶೇಂಗಾ ಸಿಪ್ಪೆಯನ್ನು ಊದಿದರು.

ಮರುಳಯ್ಯ ನಕ್ಕ. ನಕ್ಕ ಮೇಲೆ ಅವನಿಗೆ ಒಂದು ಅನುಮಾನ ಬಂತು. ಅವನು ಶಾಸ್ತ್ರ ಓದಿದವನು.

"ಎಲ್ಲ ಸರಿ ಅಜ್ಜಾರೇ. ಆದರೆ ದೇವಿಯ ಹೆಸರಲ್ಲಿ ಕೆಂಪು ಹಚ್ಚಿ ಸುಳ್ಳು ರೋಗ ತೋರಿಸಿದಳಲ್ಲ, ಆ ತಾಯಿಗೆ ಪಾಪ ಬರಲಿಲ್ಲವೇ?"

"ಆ ಕೆಂಪು ಅವಳು ಹಚ್ಚಿದ್ದಲ್ಲ ಮರುಳಯ್ಯ, ಎರಡು ವರ್ಷದಿಂದ ಮಗುವಿನ ಮೈತುಂಬ ಇತ್ತು, ನಮ್ಮ ಕಣ್ಣಿಗೆ ರೋಗ ಅಂತ ಕಾಣಲಿ ಎಂದು ಅವಳು ಚುಕ್ಕಿಯಷ್ಟು ಬಿಟ್ಟು ಉಳಿದದ್ದನ್ನು ತೊಳೆದಳು."